ಅಟ್ಟದ ಬೆಕ್ಕು, ಬಿತ್ತನೆಯ ಅವರೆ

ಮೊನ್ನೆ ಬೆಳಿಗ್ಗೆ ಯಾರೊಡನೆಯೋ ಫೋನಿನಲ್ಲಿ ಮಾತನಾಡುತ್ತ ನಿಂತು, ಒಲೆಯ ಮೇಲಿದ್ದ ರಾಗಿ ಹಿಟ್ಟನ್ನು ಮರೆತೆ. ಮುದ್ದೆಯನ್ನೇನೋ ಕಟ್ಟಿದೆ, ಆದರೆ ಪಾತ್ರೆಯ ತಳದಲ್ಲಿ ಕಂದು ಬಣ್ಣದ ಪದರವೊಂದು ಸೀದು ಹಿಡಿದುಕೊಂಡಿತ್ತು. ನಮ್ಮ ಕಡೆ ಅದನ್ನು ಸೀಕಲು ಎನ್ನುತ್ತಾರೆ. ಅದನ್ನು ಕೆರೆಯತೊಡಗಿದಾಗ ಎದ್ದ ವಾಸನೆಯಲ್ಲಿ ಐವತ್ತು ವರ್ಷಗಳಿಗೂ ಹಿಂದಿನ ಒಂದು ಕೊಟ್ಟಿಗೆಯ ಬಾಗಿಲು ಕಾಣಿಸಿತು. ಬಾಗಿಲ ಪಕ್ಕದಲ್ಲಿ ನೆಲಕ್ಕೆ ಹೂತ ಕಲ್ಮರಿಗೆ, ಅದರಲ್ಲಿ ಮಜ್ಜಿಗೆಗೆ ನೆನೆಹಾಕಿದ ಸೀಕಲು, ಸುತ್ತ ಕುಳಿತ ಬೆಕ್ಕುಗಳು, ಮತ್ತು ಅವುಗಳಿಗೆ ಬೆನ್ನು ತಿರುಗಿಸಿ ನಿಂತ ನಮ್ಮ ಅತ್ತೆಯವರು...

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ವೈಶಾಖ ಮಾಸದಲ್ಲಿ ನಾನು ಕುಂದಾಣದ ಸಮೀಪದ ಆ ಮನೆಗೆ ಸೊಸೆಯಾಗಿ ಹೋದೆ. ನನ್ನ ತಂದೆ ಹೊಸಕೋಟೆಯ ಶಾಲೆಯೊಂದರಲ್ಲಿ ಜವಾನರಾಗಿದ್ದರು. ತವರಿನಲ್ಲಾಗಲೀ ಗಂಡನ ಮನೆಯಲ್ಲಾಗಲೀ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ನಾನು ಬಿ.ಎ. ಮುಗಿಸಿದ್ದೆ. ಪದವಿಯ ಪ್ರಮಾಣಪತ್ರವನ್ನು ಸೀರೆಗಳ ಅಡಿಯಲ್ಲಿ ಮಡಿಸದೆ ಇಟ್ಟುಕೊಂಡು ಹೋಗಿದ್ದೆ. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ.

ನನ್ನ ಯಜಮಾನರು ದೇವನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಸೈಕಲ್ಲಿನಲ್ಲಿ ಹೊರಟರೆ ದೀಪ ಹಚ್ಚುವ ವೇಳೆಗೆ ಹಿಂದಿರುಗುತ್ತಿದ್ದರು. ನಡುವಿನ ಹೊತ್ತನ್ನು ನಾನು ಭಯದಲ್ಲಿಯೇ ಕಳೆದೆನೆಂದರೆ ತಪ್ಪಾಗಲಾರದು. ಹೇಗೆ ಕೂರಬೇಕು, ಮಾವನವರ ಎದುರಿಗೆ ಎಷ್ಟು ಗಟ್ಟಿಯಾಗಿ ಮಾತನಾಡಬಹುದು, ಸೆರಗು ಎಲ್ಲಿಯವರೆಗೆ ಇರಬೇಕು, ಯಾವುದೂ ಖಚಿತವಾಗಿ ತಿಳಿಯುತ್ತಿರಲಿಲ್ಲ. ತಪ್ಪು ಮಾತನಾಡಿದರೆ ಓದಿ ಏನು ಪ್ರಯೋಜನ ಎನ್ನುತ್ತಾರೆ. ಬಹಳ ಸರಿಯಾಗಿ ಮಾತನಾಡಿದರೆ ಜಂಬ ಎನ್ನುತ್ತಾರೆ. ಬಾವಿಯ ಬಳಿ ಹೆಂಗಸರು ನನ್ನನ್ನು ಕಂಡೊಡನೆ "ಬಿ.ಎ. ಬಂದ್ಳು, ದಾರಿ ಬಿಡ್ರೇ" ಎಂದು ನಗುತ್ತಿದ್ದರು. ಅದರಲ್ಲಿ ಕೆಡುಕಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ.

ಮೂರನೆಯ ದಿನ ಅತ್ತೆಯವರು ಸೀಕಲು ಹಿಡಿದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು.

"ಇವತ್ತಿಂದ ಬೆಕ್ಕುಗಳು ನಿಂದು ಕಣಮ್ಮಾ."

ಒಲೆಯನ್ನಾಗಲೀ ಹಾಲು ಮೊಸರನ್ನಾಗಲೀ ನನಗೆ ಒಪ್ಪಿಸಲಿಲ್ಲ, ಬೆಕ್ಕುಗಳನ್ನು ಒಪ್ಪಿಸಿದರು. ನನಗೆ ಅವಮಾನವಾಯಿತು. ಪಾತ್ರೆ ಹಿಡಿದು ಕೊಟ್ಟಿಗೆಯ ಕಡೆ ನಡೆದೆ.

ಆ ಮನೆಯ ಬೆಕ್ಕುಗಳಿಗೆ ಹೆಸರಿರಲಿಲ್ಲ. ಅತ್ತೆಯವರು ಅವುಗಳನ್ನು ಇರುವ ಜಾಗದಿಂದಲೇ ಗುರುತಿಸುತ್ತಿದ್ದರು: ಕೊಟ್ಟಿಗೇದು, ಬಣವೇದು, ಅಟ್ಟದ್ದು. ಹುಲ್ಲಿನ ಬಣವೆಯಲ್ಲಿದ್ದ ಹೆಣ್ಣು ಬೆಕ್ಕು ವರ್ಷಕ್ಕೆರಡು ಸಲ ಮರಿ ಹಾಕುತ್ತಿತ್ತು. ಕೊಟ್ಟಿಗೆಯ ಗಂಡು, ಹಿಂಡಿಯ ಮೂಟೆಗಳನ್ನು ಕಾಯುತ್ತಿತ್ತು. ಬೂದು ಬಣ್ಣದ ಸಣಕಲು ಬೆಕ್ಕೊಂದು ಅಟ್ಟದ ಮೇಲಿತ್ತು. ರಾಗಿ ತುಂಬಿದ ಗುಡಾಣಗಳೂ ಬಿತ್ತನೆಯ ಬೀಜಗಳೂ ಅಲ್ಲಿಯೇ ಇದ್ದುದರಿಂದ ಮೂರರಲ್ಲಿ ಅದರದೇ ದೊಡ್ಡ ಕೆಲಸ.

ಊಟವಿಡುವುದಕ್ಕೂ ಒಂದು ಕ್ರಮವಿತ್ತು. ಬೆಳಿಗ್ಗೆ ಹಾಲು ಕರೆದಾದ ಮೇಲೆ ಒಮ್ಮೆ, ಸಂಜೆ ದನ ಕಟ್ಟಿದ ಮೇಲೆ ಇನ್ನೊಮ್ಮೆ. ಸಂಜೆಯದು ಬೆಳಗಿನದರ ಅರ್ಧ. ಸೌಟಿನಿಂದ ಕಲ್ಮರಿಗೆಯ ಅಂಚಿಗೆ ಎರಡು ಸಲ ತಟ್ಟಬೇಕು, ಬಾಯಲ್ಲಿ ಕರೆಯಬಾರದು. ಇಟ್ಟ ಮೇಲೆ ತಿರುಗಿ ನಿಲ್ಲಬೇಕು. ಏಕೆಂದು ಅತ್ತೆಯವರನ್ನು ಕೇಳಿದೆ.

"ತಿನ್ನೋವಾಗ ನೋಡಿದ್ರೆ ಮುಖ ಪರಿಚಯ ಆಗ್ತದೆ. ಪರಿಚಯ ಆದ್ರೆ ನೆಂಟ ಆಗ್ತದೆ. ನೆಂಟ ಕೆಲಸ ಮಾಡ್ತಾನೇನಮ್ಮಾ?"

ಬೆಕ್ಕನ್ನು ಹಸಿದಿಟ್ಟರೆ ಇಲಿಯನ್ನು ಹೆಚ್ಚು ಹಿಡಿಯುತ್ತದೆಂದು ಊರಿನಲ್ಲಿ ಬಹಳ ಮಂದಿ ನಂಬಿದ್ದರು. ಅತ್ತೆಯವರು ಒಪ್ಪುತ್ತಿರಲಿಲ್ಲ. "ಉಪವಾಸ ಕೆಡವಿದ್ರೆ ಊರು ಬಿಡ್ತದೆ, ಹೊಟ್ಟೆಬಿರಿ ಇಟ್ರೆ ಮಲಗ್ತದೆ" ಎನ್ನುತ್ತಿದ್ದರು. ಒಮ್ಮೆ ಗ್ರಾಮಸೇವಕರು ಇಲಿಪಾಷಾಣ ತಂದು ತೋರಿಸಿದಾಗ, ಸತ್ತ ಇಲಿಯನ್ನು ತಿಂದು ಬೆಕ್ಕು ಸತ್ತರೆ ಮುಂದಿನ ಇಲಿಗೆ ನೀವು ಬರುತ್ತೀರಾ ಎಂದು ಕೇಳಿ, ಮಜ್ಜಿಗೆ ಕೊಟ್ಟು ಕಳುಹಿಸಿದರು. ಮಾವನವರು ಜಗುಲಿಯಿಂದಲೇ ಹಾಸ್ಯ ಮಾಡುತ್ತಿದ್ದರು: "ನಿಮ್ಮತ್ತೆ ನನಗೆ ಮುದ್ದೆ ಇಡೋದು ಮರೆತಾಳು, ಬೆಕ್ಕಿಗೆ ಮರೆಯೋದಿಲ್ಲ."

ಅಟ್ಟದ ಮೇಲಿನ ಬಿತ್ತನೆ ಬೀಜಗಳಲ್ಲಿ ಅತ್ತೆಯವರಿಗೆ ಅತಿ ಮುಖ್ಯವಾದದ್ದು ಅವರೆ. ಅದನ್ನು ಅವರು ಮದುವೆಯಲ್ಲಿ ತವರಿನಿಂದ ಮಡಿಲಿನಲ್ಲಿ ತಂದಿದ್ದರಂತೆ. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತುತ್ತಿದ್ದರು. ಚಳಿಗಾಲದಲ್ಲಿ ಆ ಕಾಯಿ ಬಿಡಿಸಿದರೆ ಅದರ ಸೊಗಡು ಎರಡು ದಿನ ಬೆರಳಿನಿಂದ ಹೋಗುತ್ತಿರಲಿಲ್ಲ. ಸಂತೆಯ ಅವರೆಗೆ ಅಂಥ ಸೊಗಡಿರಲಿಲ್ಲ. ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿ, ಎರಡು ಸೋರೆಬುರುಡೆಗಳಲ್ಲಿ ತುಂಬಿ, ಅಟ್ಟದ ತೊಲೆಗೆ ತೂಗುಹಾಕಿರುತ್ತಿದ್ದರು. ಅವರ ತವರಿನವರು ದ್ರಾಕ್ಷಿ ತೋಟ ಮಾಡಿದ ಮೇಲೆ ಅವರೆ ಬಿತ್ತುವುದನ್ನು ಬಿಟ್ಟಿದ್ದರು. ಆದ್ದರಿಂದ ಆ ಬುರುಡೆಗಳಲ್ಲಿದ್ದದ್ದು ಹೋದರೆ ತವರಿನಲ್ಲಿಯೂ ಸಿಗುವಂತಿರಲಿಲ್ಲ. ಇದನ್ನು ಅವರು ನನಗೆ ಮೊದಲ ವಾರದಲ್ಲಿಯೇ ಹೇಳಿದ್ದರು. ತಿಳಿಯದೆ ಮಾಡಿದೆನೆಂದು ನಾನು ಹೇಳುವಂತಿಲ್ಲ.

ಅಟ್ಟದ ಏಣಿ ನನ್ನ ಕೋಣೆಯ ಮೂಲೆಯಲ್ಲಿತ್ತು. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಾಗ ಮನೆ ನಿಶ್ಶಬ್ದವಾಗಿರುತ್ತಿತ್ತು. ಅಂಥ ಒಂದು ಮಧ್ಯಾಹ್ನ ಆ ಬೂದು ಬೆಕ್ಕು ಏಣಿಯ ನಡುವಿನ ಮೆಟ್ಟಿಲಲ್ಲಿ ಕುಳಿತು ನನ್ನನ್ನು ನೋಡಿತು. ಆ ಮನೆಯಲ್ಲಿ ನನ್ನ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲದೆ ನನ್ನನ್ನು ನೋಡಿದ ಮೊದಲ ಜೀವ ಅದೇ ಎಂದು ನನಗೆ ತೋರಿತು. ಮದುವೆಯ ಉಡುಗೊರೆಯ ಸ್ಟೀಲ್ ಬಟ್ಟಲಿನಲ್ಲಿ ಹಾಲನ್ನ ಕಲಸಿ ಇಟ್ಟೆ. ತಿನ್ನುವಾಗ ನೋಡಿದೆ. ಮರುದಿನವೂ ಇಟ್ಟೆ. ಹತ್ತು ದಿನಗಳಲ್ಲಿ ಅದು ನನ್ನ ಪೆಟ್ಟಿಗೆಯ ಮೇಲೆ ಮಲಗುವುದನ್ನು ಕಲಿಯಿತು. ಅದಕ್ಕೆ ರಜನಿ ಎಂದು ಹೆಸರಿಟ್ಟೆ. ಅದರೊಡನೆ ಮೆಲುದನಿಯಲ್ಲಿ ಮಾತನಾಡುತ್ತಿದ್ದೆ. ಯಾವ ಮಾತು ತಪ್ಪು ಯಾವುದು ಸರಿ ಎಂದು ಅದರ ಮುಂದೆ ಯೋಚಿಸಬೇಕಾಗಿರಲಿಲ್ಲ.

ಅದು ಅಟ್ಟ ಹತ್ತುವುದನ್ನು ಕಡಿಮೆ ಮಾಡಿದೆಯೆಂಬುದು ನನ್ನ ಗಮನಕ್ಕೆ ಬಂದಿತ್ತು. ಆದರೂ ಬಟ್ಟಲು ಇಡುವುದನ್ನು ಬಿಡಲಿಲ್ಲ.

ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂಬ ಪದ್ಧತಿಯಂತೆ, ನನ್ನ ತಮ್ಮ ಬಂದು ನನ್ನನ್ನು ಹೊಸಕೋಟೆಗೆ ಕರೆದೊಯ್ದ. ಹೊರಡುವಾಗ ಬೆಕ್ಕು ಕೋಣೆಯಲ್ಲಿಯೇ ಇತ್ತು. ಬಟ್ಟಲನ್ನು ಏಣಿಯ ಹಿಂದೆ ಸರಿಸಿಟ್ಟೆ. ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದರೆ... ಆದರೆ ಹೇಳಲಿಲ್ಲ.

ಶ್ರಾವಣದ ಎರಡನೆಯ ದಿನ ಹಿಂದಿರುಗಿದಾಗ ಆ ಎರಡು ಸೋರೆಬುರುಡೆಗಳು ಜಗುಲಿಯ ಮೇಲಿದ್ದವು. ಒಂದೊಂದರಲ್ಲೂ ನಿಂಬೆಹಣ್ಣಿನ ಗಾತ್ರದ ತೂತು. ಒಳಗೆ ಕೆಮ್ಮಣ್ಣಿನ ಪುಡಿ, ಸಿಪ್ಪೆ, ಇಲಿಯ ಹಿಕ್ಕೆ. ಒಂದು ಕಾಳೂ ಉಳಿದಿರಲಿಲ್ಲ. ನನ್ನ ಬೆಕ್ಕು ಒಂದು ವಾರ ಕೋಣೆಯ ಬಾಗಿಲಲ್ಲಿ ಕೂಗಿ, ಆಮೇಲೆ ಮನೆ ಬಿಟ್ಟು ಹೋಗಿ, ನಾನು ಬರುವ ಮೊದಲಿನ ದಿನವಷ್ಟೇ ಮೂಳೆ ಚಕ್ಕಳವಾಗಿ ಹಿಂದಿರುಗಿತ್ತು. ರಾಗಿಯ ಗುಡಾಣಗಳ ಬಾಯಿ ಕಲ್ಲುಹಲಗೆಯಿಂದ ಮುಚ್ಚಿದ್ದರಿಂದ ಉಳಿದಿದ್ದವು. ಹೊಲ ಹದವಾಗಿತ್ತು. ಬಿತ್ತನೆಗೆ ನಾಲ್ಕೈದು ದಿನಗಳಷ್ಟೇ ಇದ್ದವು.

ಮಾವನವರು ನನ್ನ ಕಡೆ ನೋಡದೆ, ಆದರೆ ನನಗೆ ಕೇಳಿಸುವಂತೆ ಅತ್ತೆಯವರಿಗೆ ಹೇಳಿದರು: "ಇಷ್ಟು ವರ್ಷ ಇಲ್ದಿದ್ದು ಈ ವರ್ಷ ಯಾಕಾಯ್ತು ಅಂತ ಊರೋರು ಕೇಳ್ತಾರೆ. ಕಾಲ್ಗುಣ ಅಂತಾರೆ."

ಹೊಸ ಸೊಸೆಯ ಮೇಲೆ ಆ ಮಾತು ಒಮ್ಮೆ ಬಿದ್ದರೆ ಅದು ಹೋಗುವುದಿಲ್ಲ. ಅತ್ತೆಯವರು ಮೊರದಲ್ಲಿ ಏನನ್ನೋ ಕೇರುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾರ ಕಾಲ್ಗುಣ? ಅವಳ ಕಾಲು ತಿಂಗಳಿಂದ ಹೊಸ್ಕೋಟೇಲಿತ್ತು. ಇಲ್ಲಿದ್ದಿದ್ದು ನಿಮ್ಮ ಕಾಲು, ನನ್ನ ಕಾಲು. ಯಾವುದು ಅಂತ ನೀವೇ ನೋಡ್ಕೊಳ್ಳಿ."

ಮಾವನವರು ಪೇಟ ಸುತ್ತಿಕೊಂಡು ಹೊರಗೆ ಹೋದರು. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದಾಗ, ಏಣಿಯ ಹಿಂದೆ ಬಚ್ಚಿಟ್ಟಿದ್ದ ಸ್ಟೀಲ್ ಬಟ್ಟಲು ತೊಳೆದು, ಗೂಡಿನಲ್ಲಿ ಮಗುಚಿ ಇಟ್ಟಿತ್ತು. ಅತ್ತೆಯವರಿಗೆ ಎಲ್ಲವೂ ತಿಳಿದಿತ್ತು.

ಮರುದಿನ ಬೆಳಿಗ್ಗೆ ಅವರು "ನಡಿಯಮ್ಮಾ, ಎರಡು ಮನೆಗೆ ಹೋಗಿ ಬರಣ" ಎಂದರು. ಅವರದೊಂದು ಪದ್ಧತಿಯಿತ್ತು. ಬೆಕ್ಕಿನ ಮರಿಯನ್ನು ಯಾರಿಗೆ ಕೊಟ್ಟರೂ ಬರಿಗೈಯಲ್ಲಿ ಕೊಡುತ್ತಿರಲಿಲ್ಲ. ಮರಿಯ ಕುಕ್ಕೆಯಲ್ಲಿ ಒಂದು ಹಿಡಿ ಬೀಜದ ಅವರೆಯನ್ನೂ ಹಾಕುತ್ತಿದ್ದರು. ಹಳೆಯ ಮನೆಯ ಕಾಳು ಜೊತೆಯಲ್ಲಿ ಹೋದರೆ ಮರಿ ಹೊಸ ಮನೆಯಲ್ಲಿ ನಿಲ್ಲುತ್ತದೆಂಬುದು ಅವರ ನಂಬಿಕೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಮರಿ ಕೊಂಡೊಯ್ದ ಮನೆಗಳನ್ನು ಅವರು ನೆನಪಿನಲ್ಲಿಟ್ಟಿದ್ದರು.

ಮೊದಲ ಮನೆ ಪಕ್ಕದ ಊರಿನಲ್ಲಿತ್ತು. ಅವರೆಯ ಮಾತೆತ್ತಿದೊಡನೆ ಆ ಮನೆಯಾಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಅಕ್ಕಾ, ಅದ್ನ ಅವತ್ತೇ ಸಾರಿಗೆ ಹಾಕ್ಬಿಟ್ಟೆ! ಮರಿ ಮಾತ್ರ ನಿಂತದೆ ನೋಡು, ಹೆಂಗೆ ಗುಂಡ್ಗೆ ಆಗದೆ." ಅತ್ತೆಯವರು ಬೆಕ್ಕನ್ನು ನೋಡಿ, ಚೆನ್ನಾಗಿದೆ ಎಂದು ಹೇಳಿ ಎದ್ದರು.

ಎರಡನೆಯದು ಕುಂದಾಣದ ಬೆಟ್ಟದ ಆಚೆ, ಒಬ್ಬಂಟಿಯಾಗಿದ್ದ ಅಜ್ಜಿಯೊಬ್ಬರ ಮನೆ. ಒರಳಿನ ಮೇಲೆ ಬಣವೆಯ ಬೆಕ್ಕಿನ ಹೋಲಿಕೆಯ ಬೆಕ್ಕೊಂದು ಮಲಗಿತ್ತು.

"ಏನವ್ವಾ, ಬೆಕ್ಕು ವಾಪಸ್ ಕೇಳಕ್ ಬಂದ್ಯಾ? ಕೊಡಲ್ಲ ಕಣೆ" ಎಂದರು ಅಜ್ಜಿ.

"ಬೆಕ್ಕು ನೀನೇ ಇಟ್ಕೊ. ಅದರ ಜೊತೇಲಿ ಬಂದಿದ್ದು ಏನು ಮಾಡ್ದೆ?"

"ಬದಿನ ಮೇಲೆ ಊರಿದ್ದೆ. ಏನ್ ಸೊಗಡು ಅಂತೀಯಾ! ಬೀಜಕ್ಕೆ ಒಂದಿಷ್ಟು ಎತ್ತಿಟ್ಟಿವ್ನಿ."

ಒಳಗಿನಿಂದ ಕುಡಿಕೆಯೊಂದನ್ನು ತಂದು, ಇದ್ದುದರಲ್ಲಿ ಅರ್ಧವನ್ನು ಮೊರಕ್ಕೆ ಸುರಿದರು. ನನ್ನ ಎರಡು ಬೊಗಸೆಯಷ್ಟಾಗಬಹುದು. ಅತ್ತೆಯವರು ಒಂದು ಕಾಳನ್ನು ಎತ್ತಿ, ಕೆಮ್ಮಣ್ಣನ್ನು ಉಗುರಿನಿಂದ ಕೆರೆದು, ಮೂಗಿಗೆ ಹಿಡಿದು ನೋಡಿದರು. ಆಮೇಲೆ ಅಲ್ಲಿಯೇ ಗೋಡೆಗೆ ಒರಗಿ ಕುಳಿತುಬಿಟ್ಟರು. ಅವರು ಅತ್ತರೆಂದು ನಾನು ಹೇಳಲಾರೆ. ಅಜ್ಜಿ ನೀರು ಕೊಟ್ಟರು.

ಹಿಂದಿರುಗುವಾಗ, ಕೆರೆಯ ಏರಿಯ ಮೇಲೆ, ಅವರು ಮುಂದೆ ನಡೆಯುತ್ತಲೇ ಕೇಳಿದರು: "ಅಟ್ಟದ್ದಕ್ಕೆ ಏನಂತ ಹೆಸರಿಟ್ಟಿದ್ದೆ?"

ನಾನು ನಿಂತುಬಿಟ್ಟೆ. ಅವರು ನಿಲ್ಲಲಿಲ್ಲ. ಓಡಿ ಅವರನ್ನು ಸೇರಿಕೊಂಡು "ರಜನಿ" ಎಂದೆ.

"ರಜನಿ!" ಅವರು ನಕ್ಕರು. "ನನ್ನ ಹೆಣ್ಮಕ್ಕಳಿಗೂ ಇಂಥಾ ಹೆಸರು ಇಡಲಿಲ್ವಲ್ಲೇ ನಾನು." ಸ್ವಲ್ಪ ದೂರ ಹೋದ ಮೇಲೆ, "ಮಾತಾಡ್ಬೇಕು ಅನ್ನಿಸಿದ್ರೆ ನನ್ನ ಹತ್ರ ಬಾ. ನಾನೇನು ಅಟ್ಟ ಕಾಯೋಳಲ್ಲ" ಎಂದರು.

ತಪ್ಪಾಯಿತು ಎನ್ನಬೇಕೆಂದಿದ್ದೆ. ಸರಿಯಾದ ಮಾತನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಮನೆ ಬಂತು.

ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ಅತ್ತೆಯವರು ತಮ್ಮ ಸೆರಗಿನ ಗಂಟನ್ನು ಬಿಚ್ಚಿ, ಕಾಳುಗಳನ್ನೆಲ್ಲ ನನ್ನ ಮಡಿಲಿಗೆ ಸುರಿದು, ಸೆರಗನ್ನು ತಾವೇ ನನ್ನ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದರು. "ಬಲಗಾಲು ಇಡು" ಎಂದರು. ನಾನು ಹೊಸಿಲು ದಾಟಿದೆ. ಜಗುಲಿಯ ಮೇಲೆ ಮಾವನವರಿದ್ದರು.

"ನೋಡಿ," ಅತ್ತೆಯವರು ಬೀದಿಗೂ ಕೇಳಿಸುವಂತೆ ಹೇಳಿದರು, "ಸೊಸೆ ಬೀಜ ತಂದವ್ಳೆ."

ಕಾಲ್ಗುಣದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಆ ವರ್ಷ ಎರಡೇ ಸಾಲು ಬಿತ್ತಿದೆವು. ಒಂದು ಕಾಯಿಯನ್ನೂ ಕೀಳದೆ ಎಲ್ಲವನ್ನೂ ಬೀಜಕ್ಕೆ ಬಿಟ್ಟೆವು. ಬೂದು ಬೆಕ್ಕಿಗೆ ನಾನು ಕಲ್ಮರಿಗೆಯಲ್ಲಿಯೇ ಇಟ್ಟು ತಿರುಗಿ ನಿಲ್ಲುತ್ತಿದ್ದೆ. ಅದು ಮೊದಮೊದಲು ನನ್ನ ಬೆನ್ನನ್ನು ನೋಡುತ್ತ ತಿನ್ನದೆ ಕುಳಿತಿರುತ್ತಿತ್ತಂತೆ. ಕಾರ್ತಿಕದ ವೇಳೆಗೆ ಮತ್ತೆ ಅಟ್ಟ ಹತ್ತಿತು.

ಅತ್ತೆಯವರು ಅದಾದ ಮೇಲೆ ಹದಿನಾಲ್ಕು ವರ್ಷ ಬದುಕಿದ್ದರು. ಅಷ್ಟು ದೀರ್ಘ ಅವಧಿಯಲ್ಲಿಯೂ ನಾನು ಆ ಕ್ಷಮೆಯನ್ನು ಕೇಳಲಿಲ್ಲವೆಂಬುದನ್ನು ಇಲ್ಲಿ ಬರೆಯುವುದು ಸರಿಯೆಂದು ಭಾವಿಸಿದ್ದೇನೆ.

ನಾವು ದೇವನಹಳ್ಳಿಗೆ ಬಂದು ನೆಲೆಸಿದಾಗ ಕೊನೆಯ ಬೆಳೆಯ ಬೀಜವನ್ನು ಗಾಜಿನ ಸೀಸೆಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, ಬೀರುವಿನಲ್ಲಿಟ್ಟೆ. ಇಲಿಯ ಭಯವಿರಲಿಲ್ಲ, ಹುಳುವಿನ ಭಯವಿರಲಿಲ್ಲ. ಮುಂದಿನ ವರ್ಷ ಬಿತ್ತೋಣವೆಂದು ಪ್ರತಿ ವರ್ಷವೂ ಅಂದುಕೊಂಡೆ. ಅಷ್ಟರಲ್ಲಿ ಹೊಲವೂ ಕೈಬಿಟ್ಟಿತು. ಕಳೆದ ಶ್ರಾವಣದಲ್ಲಿ ಕುಂಡಗಳಿಗೆ ಮಣ್ಣು ತುಂಬಿಸಿ ಇಪ್ಪತ್ತು ಕಾಳು ಊರಿದೆ. ಹದಿನೈದು ದಿನ ಕಾದು ಬೆರಳಿನಿಂದ ಕೆದಕಿ ನೋಡಿದರೆ, ಎಲ್ಲವೂ ಮೆತ್ತಗೆ ಕೊಳೆತಿದ್ದವು.

ಕುಂದಾಣದ ಬೆಟ್ಟದ ಆಚೆಗೆ ಆಟೋದಲ್ಲಿ ಹೋಗಿ ವಿಚಾರಿಸಿದೆ. ಅಜ್ಜಿಯ ಮನೆಯಿದ್ದ ಜಾಗದಲ್ಲಿ ನಿವೇಶನದ ಕಲ್ಲುಗಳಿದ್ದವು. ಬೇರೆ ಎಲ್ಲಿ ಕೇಳುವುದು? ಅಷ್ಟು ವರ್ಷಗಳಲ್ಲಿ ನಾನು ಯಾರಿಗೂ ಒಂದು ಹಿಡಿಯನ್ನು ಕೊಟ್ಟಿರಲಿಲ್ಲ. ಅತ್ತೆಯವರಿಗೆ ಹೋಗಿ ಕೇಳಲು ಎರಡು ಮನೆಗಳಿದ್ದವು. ನನಗೆ ಒಂದೂ ಇಲ್ಲ.

ಮೊನ್ನೆ ಕೆರೆದ ಆ ಸೀಕಲನ್ನು ಒಂದು ಬಟ್ಟಲಿಗೆ ಹಾಕಿ, ಮಜ್ಜಿಗೆ ಹೊಯ್ದು, ಕಾಂಪೌಂಡಿನ ಗೋಡೆಯ ಮೇಲಿಟ್ಟೆ. ಯಾವುದಾದರೂ ಬೆಕ್ಕು ಬಂದಿತೋ ಇಲ್ಲವೋ ತಿಳಿಯದು. ನಾನು ತಿರುಗಿ ನಿಂತಿದ್ದೆ...