ದಿಲ್ಲಿಯ ವಿಮಾನ, ಆನವಟ್ಟಿಯ ಬಸ್ಸು

ಶಿಕಾರಿಪುರದ ತವರುಮನೆಯಲ್ಲಿ ಅವ್ವ ತೀರಿಕೊಂಡಾಗ ನಾನು ಸೊರಬದ ಕಡೆ, ಆನವಟ್ಟಿಗೆ ಹತ್ತಿರದ ಹಳ್ಳಿಯಲ್ಲಿ, ಗಂಡನ ಮನೆಯ ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದೆ. ಐವತ್ತರ ದಶಕದ ಕೊನೆಯ ವರ್ಷಗಳು ಅವು. ಸುದ್ದಿ ನನಗಿಂತ ಮೊದಲು ದಿಲ್ಲಿಗೆ ಮುಟ್ಟಿತು. ಇದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅಣ್ಣ ದಿಲ್ಲಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದ. ಅಪ್ಪ ಮೊದಲೇ ಹೋಗಿದ್ದರಿಂದ ಮನೆಯ ಯಜಮಾನಿಕೆ ದೊಡ್ಡಪ್ಪನದು. ಅವ್ವ ಬೆಳಿಗ್ಗೆ ಕಣ್ಣು ಮುಚ್ಚಿದ ಕೂಡಲೇ ಅವರು ಅಣ್ಣನಿಗೆ ತಂತಿ ಕೊಟ್ಟರು. ವಿಮಾನದಲ್ಲಿ ಬರುತ್ತೇನೆ, ಕಾಯಿರಿ ಎಂದು ಅವನ ಮರುತಂತಿ ಬಂತು. ಅಷ್ಟೇ, ಕಟ್ಟೆಯ ಮೇಲೆ ಸಾವಿನ ಮಾತು ನಿಂತು ವಿಮಾನದ ಮಾತು ಶುರುವಾಯಿತಂತೆ. ದಿಲ್ಲಿಗೂ ಬೆಂಗಳೂರಿಗೂ ಸಾವಿರ ಮೈಲಿಗಿಂತ ಹೆಚ್ಚಂತೆ. ರಾತ್ರಿ ಹೊರಟರೆ ನಾಗಪುರದಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಂತೆ, ಮದ್ರಾಸಿಗೆ ಹೋಗಿ ಮರುದಿನ ಬೆಳಿಗ್ಗೆ ಬೆಂಗಳೂರಂತೆ, ಅಲ್ಲಿಂದ ಕಾರಂತೆ. ಶಿವಮೊಗ್ಗ ದಾಟದವರೂ ಬೆರಳು ಮಡಚಿ ಲೆಕ್ಕ ಹಾಕಿದರು. ಅವ್ವನಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿ, ಭಜನೆ ಮಾಡಿಸುತ್ತ ಕಾದರು. ಮಗನಿಗಾಗಿ ಕಾಯಲಿ, ಅದಕ್ಕೆ ನನ್ನ ತಕರಾರಿಲ್ಲ.

ನನಗೆ ಹೇಳಿ ಕಳಿಸಿದ್ದೀರಾ ಎಂದು ಕೇಳಿದವಳು ಚಿಕ್ಕಮ್ಮ ಒಬ್ಬಳೇ. ದೊಡ್ಡಪ್ಪ ಕೊಟ್ಟ ಉತ್ತರವನ್ನು ಆಮೇಲೆ ಅವಳೇ ನನಗೆ ಹೇಳಿದಳು: “ಆನವಟ್ಟಿ ಏನು ದೂರ ಐತಾ? ಬಸ್ಸಿನ್ಯಾಗೆ ಯಾರಾದ್ರೂ ಹೋಗೇ ಹೋಗ್ತಾರೆ, ಹೇಳ್ತಾರೆ ಬಿಡು.” ಆ ಯಾರಾದರೂ ಯಾರು ಎಂದು ಯಾರೂ ಕೇಳಲಿಲ್ಲ. ಹತ್ತಿರ ಇದ್ದದ್ದೇ ನನ್ನ ಅಪರಾಧವಾಯಿತು.

ಮರುದಿನ ಮಧ್ಯಾಹ್ನ ಆನವಟ್ಟಿ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದೆ. ಪರಿಚಯದ ಶಿರಾಳಕೊಪ್ಪದ ಬಟ್ಟೆ ವ್ಯಾಪಾರಿಯೊಬ್ಬರು ನನ್ನನ್ನು ಕಂಡು ಬೆಚ್ಚಿದರು. “ಅಲ್ರೀ ತಂಗಿ, ನಿಮ್ಮವ್ವ ಹೋಗಿ ಒಂದಿನ ಆತು. ನೀವಿನ್ನೂ ಹೊರಟಿಲ್ವೇನ್ರೀ?”

ಚೀಲ ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಅವ್ವನ ಮುಖ ಒಂದು ಸಲ ನೋಡಲು ಸಿಕ್ಕಿದ್ದರೆ ಸಾಕಿತ್ತು. ಆ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ಶಿರಾಳಕೊಪ್ಪದಲ್ಲಿ ಬೇರೆ ಬಸ್ಸು ಹತ್ತಿದರೆ, ಜನ ತುಂಬುವವರೆಗೆ ಹೊರಡುವುದಿಲ್ಲ ಎಂದ ಕಂಡಕ್ಟರ್. ಬೈದೆ, ಅತ್ತೆ, ಕೈಮುಗಿದೆ. ಪಾಪ, ಅವನದೇನು ತಪ್ಪು?

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಅಣ್ಣನ ಕಣ್ಣುಗಳು ಅತ್ತು ಕೆಂಪಾಗಿದ್ದವು.

“ದಿಲ್ಲಿಯಿಂದ ನಾನು ಬಂದೆ,” ಎಂದ. “ಆನವಟ್ಟಿಯಿಂದ ನಿಂಗೆ ಬರಾಕೆ ಆಗ್ಲಿಲ್ಲ?”

ನಾನು ದೊಡ್ಡಪ್ಪನ ಕಡೆ ನೋಡಿದೆ. ಈಗಲಾದರೂ ಬಾಯಿ ಬಿಡುತ್ತಾರೆ ಎಂದುಕೊಂಡೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಅಣ್ಣನ ಹೆಗಲ ಮೇಲೆ ಕೈಯಿಟ್ಟರು.

“ಇರ್ಲಿ ಬಿಡಪ್ಪಾ. ಹೆಣ್ಣುಮಕ್ಕಳ ಸಂಸಾರ, ತಡ ಆಗ್ತತಿ. ಆಕಿ ಮ್ಯಾಲೆ ಸಿಟ್ಟು ಮಾಡಬ್ಯಾಡ.”

ಅಂಗಳದಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಹೀಗೆ ಎಲ್ಲರೂ ಸೇರಿ ನನ್ನನ್ನು ಕ್ಷಮಿಸಿಬಿಟ್ಟರು.