ಕಳಚಿಟ್ಟ ಸಾಮಾನು ಕಾಯುವ ಕೊಂಡಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸೂರು ದಾಟಿ ಕೃಷ್ಣಗಿರಿಯ ರಸ್ತೆಗೆ ಬಿದ್ದರೆ ಎಡಗಡೆ ಸಿಗುವ ಹೆಂಚಿನ ಶೆಡ್ಡಿನ ಹಿಂದೆ ಕೊಂಡಮ್ಮ ಅಂಗಳ ಗುಡಿಸುತ್ತಾರೆ. ನೀರು ಚಿಮುಕಿಸುವುದಿಲ್ಲ. ತೇವವೆಂದರೆ ಅವರಿಗೆ ಆಗದು. ಒಂದು ಗೋಣಿತಾಟು ಹಾಸಿ, ಒಳಗಿನಿಂದ ಒಂದು ಗುಡಾಣವನ್ನು ಸೊಂಟಕ್ಕೊತ್ತಿಕೊಂಡು ತಂದಿಟ್ಟು, ಅದರ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತಾರೆ. ಅವರೆಯೋ ತೊಗರಿಯೋ ಹೊರಗೆ ಬರಬೇಕು ಎಂದುಕೊಳ್ಳುವಷ್ಟರಲ್ಲಿ ಬರುವುದು ಒಂದು ಪೆಟ್ರೋಲ್ ಪಂಪು, ಒಂದು ಕಾರ್ಬುರೇಟರು, ಎರಡು ಬಾಗಿದ ಕೊಳವೆ, ಹಿಡಿ ತುಂಬ ನಟ್ಟು ಬೋಲ್ಟು. ಎಲ್ಲವೂ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಮಲಗಿಸಿದಂತಿವೆ.

"ಬಿಸ್ಲು ಬೀಳೋಕ್ ಮುಂಚೆ ಒರೆಸ್ಬೇಕು ಸ್ವಾಮಿ. ಬಿದ್ಮೇಲೆ ಕಾಯಿಸ್ಬೇಕು. ಕಾದ್ಮೇಲೆ ಹರಳೆಣ್ಣೆ ಸವರ್ಬೇಕು. ಇದು ಹಿಂದುಮುಂದಾದ್ರೆ ಒಳಗೇ ಕೆಟ್ಟೋಗ್ತದೆ," ಎನ್ನುತ್ತಾರೆ. ಕೈ ಮಾತಿನ ಜೊತೆಗೇ ನಡೆಯುತ್ತದೆ.

ಗೋಡೆಯುದ್ದಕ್ಕೂ ಗುಡಾಣಗಳ ಸಾಲಿದೆ. ಈಗ ಉಳಿದಿರುವುದು ಒಂಬತ್ತು. ಈಚೆಗೆ ಮುಗಿದ ಮಹಾಯುದ್ಧದ ನಡುವೆ ಮೂವತ್ತೊಂದು ಇದ್ದವಂತೆ. ದಿನಕ್ಕೊಂದು ಗುಡಾಣಕ್ಕೆ ಸರದಿ. ಅಂದರೆ ಮೂವತ್ತೊಂದು ಗಾಡಿಗಳ ಸಾಮಾನು ಈ ಒಂದು ಜೊತೆ ಕೈಗಳಲ್ಲಿ ತಿಂಗಳಿಗೊಮ್ಮೆ ಬಿಸಿಲು ಕಂಡಿದೆ. ಕೊಂಡಮ್ಮನಿಗೆ ಓದು ಬಾರದು. ಪ್ರತಿ ಗುಡಾಣದ ಕೊರಳಿಗೂ ಆಯಾ ಗಾಡಿಯ ಸೀಟಿನದೇ ಒಂದು ಚೂರು ಬಟ್ಟೆಯೋ ತೊಗಲೋ ಕಟ್ಟಿದೆ. ಹಸಿರು ರೆಕ್ಸಿನ್ನು ರಾಯಕೋಟೆಯ ಡಾಕ್ಟರ ಮನೆಯದು, ಪಟ್ಟೆಪಟ್ಟೆಯ ಕ್ಯಾನ್ವಾಸು ಬಸ್ಸಿನದು. ಕಂದು ತೊಗಲಿನದೊಂದು ಮೂಲೆಯಲ್ಲಿ ಬೇರೆಯಾಗಿ ಕೂತಿದೆ. ಅದು ಬಾಗಲೂರಿನ ಆವುಲಪ್ಪನವರದು. ಇವತ್ತು ಅವರು ಅದಕ್ಕಾಗಿಯೇ ಬರುತ್ತಿದ್ದಾರೆ. ಕೊಂಡಮ್ಮ ಆ ಕಡೆ ನೋಡುವುದಿಲ್ಲ.

ಅವರ ಯಜಮಾನರು ಮುತ್ತರಾಯಪ್ಪ ಈ ಶೆಡ್ಡಿನ ಮೆಕ್ಯಾನಿಕ್ಕು. ಬೆಂಗಳೂರಿನ ದಂಡಿನ ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದವರು. ಯುದ್ಧ ಬಂದು ಪೆಟ್ರೋಲು ಕೂಪನ್ನಿಗೆ ಬಿದ್ದಾಗ ಈ ಸೀಮೆಯ ಬಸ್ಸು ಕಾರುಗಳೆಲ್ಲ ಬೆನ್ನಿಗೊಂದು ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಅನಿಲದಲ್ಲೇ ಓಡತೊಡಗಿದವು. ಆ ಕಾಲವನ್ನು ನೆನೆದರೆ ಈಗ ಎಲ್ಲರಿಗೂ ನಗು. ಡ್ರೈವರ್ ಮುಂಜಾನೆಯೇ ಎದ್ದು ಇದ್ದಿಲಿಗೆ ಕೆಂಡ ಹಾಕಬೇಕು, ಕ್ಲೀನರ್ ಅರ್ಧ ಗಂಟೆ ಗಾಳಿಚಕ್ರ ತಿರುಗಿಸಬೇಕು, ಹೆಂಗಸರು ಅಷ್ಟರೊಳಗೆ ಬಸ್ಸಿನ ಪಕ್ಕ ಕೂತು ಎಲೆ ಅಡಿಕೆ ಮುಗಿಸಬೇಕು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. "ಕೃಷ್ಣಗಿರಿ ಸಂತೆಗೆ ಹೋದೋರು ಮಸಿ ಮೋರೆಲಿ ಬರೋರು. ಯಾರ ಮನೆ ಗಂಡು ಯಾವುದು ಅಂತ ಗುರ್ತು ಹಿಡ್ಯೋದೇ ಕಷ್ಟ," ಎಂದು ಕೊಂಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. "ಆದ್ರೂ ಚೆಂದಾಗಿತ್ತು. ಗಾಡಿ ಕೆಟ್ಟು ನಿಂತ್ರೆ ಎಲ್ಲ್ರೂ ನಮ್ಮ ಅಂಗಳದಲ್ಲೇ ಮುದ್ದೆ ಉಣ್ಣೋರು."

ಒಲೆ ಕಟ್ಟುವಾಗ ಕಂಪೆನಿಯ ಸಾಮಾನು ಕಳಚಬೇಕಾಗುತ್ತಿತ್ತು. ಕಳಚಿದ್ದು ಶೆಡ್ಡಿನ ಮೂಲೆಯಲ್ಲಿ ಬೀಳುತ್ತಿತ್ತು. ಕಬ್ಬಿಣಕ್ಕೆ ಬೆಲೆ ಏರಿದ್ದ ಕಾಲ. ಗುಜರಿಯವರು ತಕ್ಕಡಿ ಹಿಡಿದೇ ಬರುತ್ತಿದ್ದರು. ಗಾಡಿಯ ಧಣಿಗಳೂ "ಹಾಕಿಬಿಡಪ್ಪ, ಇನ್ನೇನು ಪೆಟ್ರೋಲು ಬರ್ತದಾ," ಎನ್ನುತ್ತಿದ್ದರು. ಅಡ್ಡ ಬಂದವರು ಕೊಂಡಮ್ಮ.

"ನಮ್ಮಮ್ಮ ಊರೋರ ಬಿತ್ತನೆ ಬೀಜ ಮಡಗೋಳು. ತಿನ್ನೋಕಿಲ್ದಿದ್ರೂ ಬೀಜದ ಗುಡಾಣ ಮುಟ್ತಿರ್ಲಿಲ್ಲ. ಇದೂ ಹಂಗೇ ಅಲ್ವಾ? ಮಳೆ ನಿಂತದೆ ಅಂತ ಬೀಜ ಮಾರ್ತಾರಾ?"

ಹೀಗೆ ಶುರುವಾದ ಕೆಲಸಕ್ಕೆ ಇಂದಿಗೂ ಕೂಲಿಯಿಲ್ಲ. ಸಾಮಾನು ಒಯ್ಯುವವರು ಯಾರಾದರೂ ಒಂದು ಸೇರು ಎಣ್ಣೆಯೋ ಒಂದು ಕುಪ್ಪಸದ ಕಣವೋ ಕೊಟ್ಟರೆ ಉಂಟು. ಈಗ ಪೆಟ್ರೋಲು ಮೆಲ್ಲಗೆ ಸಿಗತೊಡಗಿದೆ, ಗಾಡಿ ಮಾರುವವರೂ ಕೊಳ್ಳುವವರೂ ಹೆಚ್ಚಿದ್ದಾರೆ. ಕೊಳ್ಳುವವರು ಮೊದಲು ಕೇಳುವುದೇ ಕಂಪೆನಿಯ ಸಾಮಾನು ಇದೆಯೇ ಎಂದು. ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಅದರ ಮುಕ್ಕಾಲೂ ಇಲ್ಲ.

ಆವುಲಪ್ಪನವರ ಕಾರಿನದು ಕೊಂಡಮ್ಮ ಎತ್ತಿಟ್ಟ ಮೊದಲನೆಯ ಸಾಮಾನು. ಬೀಜಕ್ಕೆ ಮಾಡುವಂತೆಯೇ ಇದಕ್ಕೂ ಮಾಡಿದ್ದರು: ಒಲೆಯ ಬೂದಿ ಜರಡಿ ಹಿಡಿದು, ಗುಡಾಣದ ತುಂಬ ಸುರಿದು, ನಡುವೆ ಕಾರ್ಬುರೇಟರನ್ನು ಹೂತು, ಬಾಯಿಗೆ ಸಗಣಿ ಮೆತ್ತಿದ್ದರು. ಹುಳ ಬೀಳದಿರಲಿ ಎಂದು ಹೊಂಗೆ ಸೊಪ್ಪನ್ನೂ ಹಾಕಿದ್ದರು. ಮಳೆಗಾಲ ಕಳೆದು ಬಿಚ್ಚಿದರೆ ಬೂದಿ ತೇವ ಕುಡಿದು ಗಟ್ಟಿಯಾಗಿತ್ತು. ಕಾರ್ಬುರೇಟರಿನ ಮೈಯೆಲ್ಲ ಬಿಳಿ ಪುಡಿ ಎದ್ದು, ಸಣ್ಣ ತೂತುಗಳೆಲ್ಲ ತಿಂದುಹೋಗಿದ್ದವು.

"ಅವತ್ತು ಅತ್ತುಬುಟ್ಟೆ. ನಮ್ಮೋರು ಕಬ್ಬಿಣಕ್ಕೆ ಹುಳ ಬೀಳ್ತದಾ ಅಂತ ನಕ್ರು. ಆಮೇಲೆ ಹರಳೆಣ್ಣೆ ಕಂಡ್ಕಂಡೆ. ಆದ್ರೆ ಆವುಲಪ್ಪಣ್ಣನಿಗೆ ಹೇಳೋಕೆ ಬಾಯೇ ಬರ್ಲಿಲ್ಲ. ಆರು ವರ್ಷ ಆಯ್ತು."

ಆ ಆರು ವರ್ಷವೂ ಆವುಲಪ್ಪನವರು ಕಂಡಕಂಡಲ್ಲಿ, ತಮ್ಮ ಸಾಮಾನು ಕೊಂಡಮ್ಮನ ಹತ್ತಿರ ಭದ್ರವಾಗಿದೆ ಎಂದು ಹೇಳಿಕೊಂಡು ಬಂದಿದ್ದಾರೆ. ಅವರ ಮಾತು ನಂಬಿಯೇ ಉಳಿದವರೂ ತಂದಿಟ್ಟದ್ದು.

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಮುತ್ತರಾಯಪ್ಪ ಬೀಡಿ ಹಚ್ಚಿಕೊಂಡು ಬಂದು ಹೆಂಡತಿಯ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ. ರಾಯಕೋಟೆಯ ಡಾಕ್ಟರು ತೀರಿಹೋಗಿ ಮೂರು ವರ್ಷ. ಅವರ ಹೆಂಡತಿ ರಾಮಲಕ್ಷ್ಮಮ್ಮ ಕಾರನ್ನು ಗಾಡಿಕೊಟ್ಟಿಗೆಯಲ್ಲಿ ನಿಲ್ಲಿಸಿದ್ದಾರೆ. ಅದೂ ಆವುಲಪ್ಪನವರದೂ ಒಂದೇ ಕಂಪೆನಿಯ, ಒಂದೇ ವರ್ಷದ ಕಾರು.

"ಹಸಿರು ರೆಕ್ಸಿನ್ನಿಂದು ತೆಗ್ದು ಕೊಟ್ಬುಡು. ಎರಡೂ ಒಂದೇ ಅಚ್ಚು ಕಣೇ. ದೇವ್ರಾಣೆಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗ್ತದಲ್ಲ."

"ಆಯಮ್ಮ ಇನ್ನು ಬರೋದಿಲ್ಲ. ಆ ಕಾರಲ್ಲಿ ಕೋಳಿ ಮೊಟ್ಟೆ ಇಕ್ತಾವೆ ಈಗ."

"ಕೋಳಿ ಇಕ್ಲಿ, ಬಾತುಕೋಳಿ ಇಕ್ಲಿ. ಅದು ಆಯಮ್ಮಂದು."

"ಹಂಗಾದ್ರೆ ನೀನೇ ಹೇಳ್ಕ. ನಾನು ಸ್ಪ್ಯಾನರ್ ಹುಡುಕೋಕೆ ಹೋಯ್ತೀನಿ," ಎಂದು ಮುತ್ತರಾಯಪ್ಪ ಎದ್ದರೂ ದೂರ ಹೋಗುವುದಿಲ್ಲ. ಶೆಡ್ಡಿನ ಕಂಬಕ್ಕೆ ಒರಗಿ ನಿಲ್ಲುತ್ತಾರೆ.

ಆವುಲಪ್ಪನವರ ಕಾರು ಬರುವುದು ಕಾಣುವ ಮೊದಲೇ ಕೇಳುತ್ತದೆ. ಬೆನ್ನ ಮೇಲಿನ ಇದ್ದಿಲಿನ ಒಲೆ ಹೊಗೆ ಕಾರುತ್ತ, ಕೆಮ್ಮುತ್ತ ಬಂದು ಶೆಡ್ಡಿನ ಮುಂದೆ ನಿಲ್ಲುತ್ತದೆ. ದೊಡ್ಡ ಮೀಸೆ, ದೊಡ್ಡ ದನಿಯ ಮನುಷ್ಯ. ಬಾವಿಗೆ ಆಯಿಲ್ ಎಂಜಿನ್ನು ಕೂರಿಸಬೇಕೆಂದು ಕಾರು ಮಾರಲು ಹೊರಟಿದ್ದಾರೆ. ಕೃಷ್ಣಗಿರಿಯ ಮಾವಿನ ಮಂಡಿಯ ಚಿನ್ನಸ್ವಾಮಿ ಕೊಳ್ಳುವವರು.

"ಏನಮ್ಮಾ ಕೊಂಡಮ್ಮಾ, ತೆಗಿ ನನ್ನ ಬಂಗಾರನ! ಆ ಚಿನ್ನಸ್ವಾಮಿ 'ಒರಿಜಿನಲ್ ಇರುಕ್ಕಾ, ಒರಿಜಿನಲ್ ಇರುಕ್ಕಾ' ಅಂತ ಪ್ರಾಣ ತಿಂತಾವ್ನೆ. ನಮ್ಮ ಕೊಂಡಮ್ಮನ ತಾವ ಐತೆ ಕಣಯ್ಯ, ಹಾಲಲ್ಲಿ ತೊಳೆದಂಗೆ ಐತೆ ಅಂದಿವ್ನಿ."

ಕೊಂಡಮ್ಮ ಕಂದು ತೊಗಲಿನ ಗುಡಾಣವನ್ನು ತಾವೇ ಎತ್ತಿ ತಂದು ಅವರ ಮುಂದಿಡುತ್ತಾರೆ. ಪೆಟ್ರೋಲ್ ಪಂಪು, ಕೊಳವೆಗಳು, ಬೋಲ್ಟುಗಳು ಒಂದೊಂದಾಗಿ ಬರುತ್ತವೆ, ಹೊಳೆಯುತ್ತವೆ. ಕೊನೆಯ ಬಟ್ಟೆಯ ಗಂಟು ಬಿಚ್ಚಿ ಕೊಂಡಮ್ಮ ಕಾರ್ಬುರೇಟರನ್ನು ಮುಂದಿಡುತ್ತಾರೆ.

"ಇದು ಕೆಟ್ಟೋಗದೆ ಅಣ್ಣಾ. ನಾನೇ ಕೆಡಿಸಿದ್ದು. ಮೊದಲ್ನೇ ವರ್ಷ ಬೂದಿಲಿ ಮಡಗಿದ್ದೆ."

ಆವುಲಪ್ಪ ಅದನ್ನು ಕೈಗೆತ್ತಿಕೊಂಡು ತಿರುವಿ ನೋಡುತ್ತಾರೆ. ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಆಮೇಲೆ ಎದ್ದ ದನಿಗೆ ರಸ್ತೆಯ ಮೇಲಿನ ಎತ್ತಿನ ಗಾಡಿಯವನೂ ಹಗ್ಗ ಬಿಗಿಹಿಡಿದು ನಿಲ್ಲಿಸುತ್ತಾನೆ.

"ಬೂದಿಲಾ? ನನ್ನ ಕಾರ್ಬುರೇಟರೇನು ಹುರುಳಿಕಾಳೇನಮ್ಮ? ಆರು ವರ್ಷ ನನ್ ಕೈಲಿ ಸುಳ್ಳು ಹೇಳಿಸ್ಬುಟ್ಟೆಯಲ್ಲ! ಇನ್ನೆಷ್ಟು ಜನದ್ದು ಹಿಂಗೆ ಹೂತಿದ್ದೀಯೆ?"

ಕೊಂಡಮ್ಮ ಒಳಗೆ ಹೋಗಿ ಎರಡನೆಯ ಗುಡಾಣ ತರುತ್ತಾರೆ, ಬಿಚ್ಚಿ ತಾಟಿನ ಮೇಲೆ ಹರಡುತ್ತಾರೆ. ಆಮೇಲೆ ಮೂರನೆಯದು. ಒಂಬತ್ತೂ ಬರುವ ತನಕ ಆವುಲಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತವರು ನಿಂತೇ ಇರುತ್ತಾರೆ. ಬಿಸಿಲು ಈಗ ಚುರುಕಾಗಿದೆ. ಹಿತ್ತಾಳೆ, ತಾಮ್ರ, ಸತುವು ಎಲ್ಲ ನಿನ್ನೆ ಅಂಗಡಿಯಿಂದ ತಂದಂತಿವೆ. ಅವರು ಬಗ್ಗಿ ಒಂದೊಂದನ್ನೇ ಎತ್ತಿ ನೋಡಿ ಇಡುತ್ತಾರೆ. ಹಸಿರು ರೆಕ್ಸಿನ್ನಿನ ಗುಡಾಣದ ಮುಂದೆ ಹೆಚ್ಚು ಹೊತ್ತು ಕೂರುತ್ತಾರೆ.

"ಇದು ನಂದ್ರ ಹಂಗೇ ಐತಲ್ಲ?"

"ಅದೇ ಅಚ್ಚು ಅಣ್ಣಾ. ಡಾಕ್ಟ್ರಮ್ಮಂದು."

ಆವುಲಪ್ಪ ಮುತ್ತರಾಯಪ್ಪನ ಕಡೆ ನೋಡುತ್ತಾರೆ. ಮುತ್ತರಾಯಪ್ಪ ಆಕಾಶ ನೋಡುತ್ತಾರೆ. ಕೈಯಲ್ಲಿದ್ದ ಕಾರ್ಬುರೇಟರನ್ನು ಆವುಲಪ್ಪ ಮೆಲ್ಲಗೆ ಅದರ ಬಟ್ಟೆಯ ಮೇಲಿಡುತ್ತಾರೆ.

"ಸರಿ, ನನ್ನದು ಕಟ್ಕೊಡು. ಅದ್ನೂ ಕಟ್ಟು," ಎಂದು ಕೆಟ್ಟದ್ದನ್ನು ತೋರಿಸುತ್ತಾರೆ. "ಚಿನ್ನಸ್ವಾಮಿಗೆ ಹಿಂಗಾಗದೆ ಅಂತ ತೋರಿಸ್ತೀನಿ. ಕಮ್ಮಿ ಮಾಡ್ತಾನೆ, ಮಾಡ್ಲಿ. ಬಾವಿ ಎಂಜಿನ್ನು ಇನ್ನೊಂದ್ ವರ್ಷಕ್ಕೆ ಬರ್ತದೆ." ಕಾರು ಹತ್ತುವ ಮೊದಲು ದನಿ ಮತ್ತೆ ಏರುತ್ತದೆ: "ನಿನ್ ಮೇಲೆ ಕ್ವಾಪ ಹೋಗಿಲ್ಲ ಕಣಮ್ಮ, ತಿಳ್ಕ!"

"ಇರ್ಲಿ ಅಣ್ಣಾ," ಎನ್ನುತ್ತಾರೆ ಕೊಂಡಮ್ಮ.

ಇದನ್ನೆಲ್ಲ ಪತ್ರಿಕೆಗೆ ಬರೆಯಬಹುದೇ ಎಂದು ಕೇಳಿದರೆ ಮುತ್ತರಾಯಪ್ಪ ಬೇಡವೆಂದು ಕೈಯಾಡಿಸುತ್ತಾರೆ. ಮಿಕ್ಕ ಗಾಡಿಗಳವರು ಓದಿದರೆ ಇಂದೇ ಬಂದು ಸಾಮಾನು ಎತ್ತಿಕೊಂಡು ಹೋದಾರು ಎಂಬ ಅಂಜಿಕೆ. ಕೊಂಡಮ್ಮ ಹರಡಿದ್ದನ್ನೆಲ್ಲ ಒಂದೊಂದಾಗಿ ಬಟ್ಟೆಗೆ ಸುತ್ತುತ್ತಿದ್ದಾರೆ. ಎಂಟು ಗುಡಾಣಕ್ಕೂ ಈ ಹೊತ್ತೇ ಎಣ್ಣೆಯಾಗಬೇಕು. ಅಡಿಗೆಯ ಒಲೆ ಇನ್ನೂ ಹೊತ್ತಿಲ್ಲ.

"ಬರೀರಿ ಸ್ವಾಮಿ. ಬಂದು ನೋಡ್ಲಿ, ಒಯ್ಯೋರು ಒಯ್ಲಿ, ಅವ್ರುದೇ ಅಲ್ವಾ. ಒಂದು ಕೆಟ್ಟಿತ್ತು ಅಂತ ಬರೀರಿ," ಎಂದು, ಹಸಿರು ರೆಕ್ಸಿನ್ನಿನ ಗಂಟನ್ನು ಇನ್ನೊಂದು ಸುತ್ತು ಬಿಗಿದು ತಲೆಯೆತ್ತುತ್ತಾರೆ. "ಒಬ್ರುದು ಇನ್ನೊಬ್ರಿಗೆ ಹೋಗಿಲ್ಲ ಅಂತಾನೂ ಬರೀರಿ."