ಎಂಜಿನ್ನಿಗೆ ಬಿಗಿದ ಹೂವಿನ ಹಗ್ಗ

ಓಡುವ ಯಂತ್ರ ತನ್ನನ್ನು ತಾನೇ ಹೇಗೆ ಹಿಡಿತದಲ್ಲಿಟ್ಟುಕೊಳ್ಳುತ್ತದೆ, ನಡೆಯುವ ಮನುಷ್ಯ ಬೀಳದಂತೆ ಹೇಗೆ ತಡೆದುಕೊಳ್ಳುತ್ತಾನೆ: ಮದ್ರಾಸಿನಲ್ಲಿ ನಾನು ಹಗಲೂ ರಾತ್ರಿ ಓದಿದ್ದು ಇಷ್ಟೇ. ಮೇಷ್ಟ್ರುಗಳು ಅದನ್ನು ಜ್ಞಾನದಾಹ ಅಂದುಕೊಂಡರು. ಎಂಥ ಸುಡುಗಾಡು ದಾಹ! ನನಗಿದ್ದದ್ದು ಸೇಡು.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ನಮ್ಮಪ್ಪ ಎಂಜಿನ್ ನೋಡಿಕೊಳ್ಳುತ್ತಿದ್ದ. ಅದರ ಮೇಲೆ ಎರಡು ಕಬ್ಬಿಣದ ಗುಂಡುಗಳು ತಿರುಗುತ್ತಿದ್ದವು. ವೇಗ ಮಿತಿಮೀರಿದರೆ ಅವು ಒಂದರಿಂದೊಂದು ದೂರ ಸರಿದು ಎಂಜಿನ್ನಿಗೆ ಹೋಗುವ ಎಣ್ಣೆಯನ್ನು ತಡೆಯುತ್ತಿದ್ದವು. ಒಂದು ಆಯುಧಪೂಜೆಯಲ್ಲಿ ಗಿರಣಿಯ ಸಾಹುಕಾರ ಆ ಗುಂಡುಗಳನ್ನೇ ಸೇರಿಸಿ ಚೆಂಡುಹೂವಿನ ಹುರಿಹಗ್ಗ ಬಿಗಿದ. ಗುಂಡುಗಳು ಅಗಲಲಾರದೆ ಎಂಜಿನ್ ಜೋರಾಯಿತು, ಅಕ್ಕಿ ಹೆಚ್ಚು ಬಂತು. ದೇವಿಯ ಕೃಪೆ ಅಂದ. ಇದು ಅಪಾಯ ಎಂದು ಅಪ್ಪ ಬಿಚ್ಚಲು ಹೋದರೆ, ಪೂಜೆಯ ಹಗ್ಗ ತಾನಾಗಿ ಉದುರುವವರೆಗೆ ಮುಟ್ಟಬಾರದೆಂದು ಗದರಿಸಿದ.

ಮರುದಿನ ಸಂಜೆ ಅಪ್ಪ ಎಂಜಿನ್ನಿನಿಂದ ಗಿರಣಿಯನ್ನು ತಿರುಗಿಸುವ ಪಟ್ಟಾ ಕಳಚಿದ್ದೇ ತಡ, ಹೊರೆಯಿಲ್ಲದ ಎಂಜಿನ್ ಹುಚ್ಚೆದ್ದು ಓಡಿತು. ಪಟ್ಟಾ ಬೀಸಿ ಬಡಿದು ಅವನ ಮೊಣಕಾಲು ಪುಡಿಯಾಯಿತು. ಬಳ್ಳಾರಿ ಆಸ್ಪತ್ರೆಯಲ್ಲಿ ಕಾಲು ತೆಗೆದರು. ಅಪ್ಪ ಕುಡಿದು ಎಂಜಿನ್ ಮುಟ್ಟಿದ್ದ, ಅದಕ್ಕೇ ದೇವಿ ಶಿಕ್ಷಿಸಿದಳು ಎಂದು ಸಾಹುಕಾರ ಊರೆಲ್ಲ ಸಾರಿದ. ಹನಿ ಹೆಂಡ ಮುಟ್ಟದ ಮನುಷ್ಯ ನಮ್ಮಪ್ಪ! ನಮ್ಮ ಸ್ವಂತ ಊರು ಕುರುಗೋಡಿನ ಓಣಿಯವರೂ ನಂಬಿದರು. ಮರದ ಕಾಲಿನಲ್ಲಿ ಬಿದ್ದು ಎದ್ದು ನಡೆಯಲು ಕಲಿಯುತ್ತಿದ್ದವನನ್ನು ನೋಡಿ, ಇವತ್ತೂ ಕುಡಿದಿದ್ದಾನೆ ಎಂದು ನಕ್ಕರು. ನಾನು ಮಾತ್ರ ಅವನ ಹೆಜ್ಜೆಗಳನ್ನೇ ನೋಡುತ್ತಿದ್ದೆ. ಬೀಳುವ ಭಯ ಬಂದರೆ ಬುದ್ಧಿ ಹೇಳುವ ಮೊದಲೇ ಮೈ ಸರಿಯುತ್ತಿತ್ತು. ನನ್ನ ಮೊದಲ ಪಾಠ ಅದು.

ಓದು ಮುಗಿಸಿ ಬಂದ ವರ್ಷ ಸಾಹುಕಾರನೇ ಆಯುಧಪೂಜೆಗೆ ಕರೆದ. ಮದ್ರಾಸಿನಲ್ಲಿ ಓದಿದ ಎಂಜಿನಿಯರು ಪಕ್ಕದಲ್ಲಿದ್ದರೆ ಅವನಿಗೆ ದೊಡ್ಡಸ್ತಿಕೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅಪ್ಪನನ್ನೂ ಕರೆದುಕೊಂಡು ಹೋದೆ. ಜನ ಕಿಕ್ಕಿರಿದಿದ್ದರು. ಹೂವಿನ ಹಗ್ಗವನ್ನು ಸಾಹುಕಾರನ ಕೈಗಿಟ್ಟೆ.

"ಅವತ್ತು ಕಟ್ಟಿದಂಗ ಕಟ್ರಿ, ಸಾಹುಕಾರ್ರ. ಕಟ್ಟಿ, ನಮ್ಮಪ್ಪ ನಿಂತಿದ್ದ ಜಾಗದಾಗ ನೀವು ನಿಂದರ್ರಿ. ಪಟ್ಟಾ ನಾನು ಕಳಚತೀನಿ. ನೀವೇನು ಕುಡದಿಲ್ಲಲ್ಲ."

ಎಂಜಿನ್ ಇನ್ನೂ ಶುರುವೇ ಆಗಿರಲಿಲ್ಲ. ಆದರೂ ಅವನ ಕಾಲು ತಾನಾಗಿ ಹಿಂದೆ ಸರಿಯಿತು. ಎಲ್ಲರೂ ನೋಡಿದರು. ಮರದ ಕಾಲೂರಿ ನಿಂತಿದ್ದ ಅಪ್ಪ ಮೆಲ್ಲಗೆ ಕೇಳಿದ.

"ಅಂದ್ರ ನಿಮಗ ಗೊತ್ತಿತ್ತು?"

ಸಾಹುಕಾರ ಹೂವಿನ ಹಗ್ಗವನ್ನು ಕೆಳಗಿಟ್ಟ. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಅಪ್ಪ ತಿರುಗಿ ಬಾಗಿಲ ಕಡೆ ನಡೆದ. ಹೊಸ್ತಿಲಲ್ಲಿ ಎಡವಿ ಬಿದ್ದ. ಯಾರೂ ನಗಲಿಲ್ಲ.